ಹಂಗಿಲ್ಲದ ಟಿಕೆಟ್ಟು

ಚನ್ನಕ್ಕ ಕುಪ್ಪಸದೊಳಗೆ ಸದಾ ಒಂದು ಕರಿ ಶಾಯಿಯ ಪೆನ್ನು ಇಟ್ಟುಕೊಂಡಿರುತ್ತಿದ್ದಳು. ಪತ್ರ ಬರೆಯುವವಳಲ್ಲ, ಲೆಕ್ಕ ಬರೆಯುವವಳಲ್ಲ. ಆ ಪೆನ್ನಿಗೆ ಒಂದೇ ಉದ್ಯೋಗ: ರೈಲು ಟಿಕೆಟ್ಟಿನ ಮೇಲಿನ ಒಂದು ಸಾಲನ್ನು ಹೊಡೆದುಹಾಕುವುದು.

ಆ ಸಾಲನ್ನು ಅವಳಿಗೆ ತೋರಿಸಿದವಳು ನಾನೇ. ವಿದ್ಯಾನಗರದಲ್ಲಿ ನಮ್ಮಿಬ್ಬರದು ಗೋಡೆಗೆ ಗೋಡೆ ಹತ್ತಿದ ಮನೆ. ಅವಳ ಅಕ್ಕ ಅಳ್ನಾವರದಲ್ಲಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ಪ್ರತಿ ಸೋಮವಾರ ಚನ್ನಕ್ಕ ಪ್ಯಾಸೆಂಜರ್ ಗಾಡಿಯಲ್ಲಿ ಹೋಗಿ, ಅಕ್ಕನ ತಲೆ ಬಾಚಿ, ಹೆರಳು ಹಾಕಿ ಬರುತ್ತಿದ್ದಳು. ಬಸ್ಸು ಹತ್ತಿದರೆ ಅವಳಿಗೆ ವಾಂತಿ. ಜೊತೆಗೆ ನಾನು. ನನಗೆ ಅಳ್ನಾವರದಲ್ಲಿ ಯಾರೂ ಇಲ್ಲ. ಗಾಡಿಯಲ್ಲಿ ಮಾರಲು ಬರುವ ಚುರುಮುರಿ ಗಿರ್ಮಿಟ್ಟಿಗಾಗಿ ಹೋಗುತ್ತಿದ್ದೆ.

ಒಂದು ಸಲ ಹೊತ್ತು ಹೋಗಲೆಂದು ಟಿಕೆಟ್ಟಿನ ಇಂಗ್ಲಿಷನ್ನು ಓದಿ ಹೇಳಿದೆ. ಪ್ರಯಾಣಕ್ಕೆ ಆಗುವ ಖರ್ಚು ಪೂರ್ತಿ ಟಿಕೆಟ್ಟಿನಿಂದ ಹುಟ್ಟುವುದಿಲ್ಲ ಎಂದು ಬರೆದಿದ್ದರು. ಉಳಿದದ್ದು ಸರಕಾರದ ಪುಣ್ಯ ಎಂದು ನಾನೇ ಒಂದಿಷ್ಟು ಒಗ್ಗರಣೆ ಹಾಕಿದೆ. ಚನ್ನಕ್ಕನ ಬಾಯೊಳಗಿನ ಗಿರ್ಮಿಟ್ಟು ಅಲ್ಲೇ ನಿಂತಿತು.

"ಹಂಗಸ್ತಾರಲ್ಲ ಶಾರದಕ್ಕ," ಎಂದಳು. "ಉಣ್ಣಾಕ ಕುಂತವರಿಗೆ ಅಕ್ಕಿ ರೇಟ್ ಹೇಳಿದಂಗಾತು."

ಮದುವೆಯಾಗಿ ಬಂದಾಗಿನಿಂದ ಮಠದ ದಾಸೋಹದಲ್ಲಿ ಹುಗ್ಗಿಯ ಸೌಟು ಅವಳ ಕೈಯಲ್ಲೇ ಇತ್ತು. ಉಣ್ಣುವವರಿಗೆ ಇನ್ನಷ್ಟು ಹಾಕಲೇ ಎಂದು ಕೇಳಬೇಕು, ಮತ್ತೊಂದು ಮಾತಾಡಬಾರದು ಎನ್ನುವುದು ಅವಳ ಧರ್ಮ. ಹಂಗಿನ ಗಾಡಿ ಹತ್ತುವುದಿಲ್ಲ ಎಂದು ಹಟ ಹಿಡಿದಳು. ಮುಂದಿನ ಸೋಮವಾರ ಹೋಗಲಿಲ್ಲ. ಅದರ ಮುಂದಿನ ಸೋಮವಾರವೂ ಹೋಗಲಿಲ್ಲ. ಅಳ್ನಾವರದಿಂದ ಅಕ್ಕನ ಸೊಸೆ ಫೋನ್ ಮಾಡಿದಳು: ಅತ್ತೆ ಯಾರಿಗೂ ತಲೆ ಮುಟ್ಟಗೊಡುತ್ತಿಲ್ಲ, ಕೂದಲು ಜಡೆಗಟ್ಟುತ್ತಿದೆ.

ಆಗ ಪೆನ್ನು ಬಂತು. ಟಿಕೆಟ್ಟು ಕೈಗೆ ಬಂದ ಕೂಡಲೇ ಚನ್ನಕ್ಕ ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಅದನ್ನಿಟ್ಟು, ಆ ಸಾಲು ಕರ್ರಗೆ ಮುಚ್ಚಿಹೋಗುವವರೆಗೆ ಗೀಚಿದಳು. ಈಗ ಹತ್ತಲು ಅಡ್ಡಿಯಿಲ್ಲ ಎಂದು ಸೆರಗು ಸರಿಪಡಿಸಿಕೊಂಡಳು.

ಧಾರವಾಡ ದಾಟಿದ ಮೇಲೆ ಹರೆಯದ ಟಿ.ಸಿ. ಬಂದ. ಟಿಕೆಟ್ಟನ್ನು ಬೆಳಕಿಗೆ ಹಿಡಿದು, ಹೀಗೆ ಗೀಚಿದ್ದು ನಡೆಯುವುದಿಲ್ಲ, ದಂಡ ಕೊಡಿ, ಇಲ್ಲವೇ ಮುಂದಿನ ಸ್ಟೇಷನ್ನಿನಲ್ಲಿ ಇಳಿಯಿರಿ ಎಂದ. ನಾನು ದಂಡಕ್ಕೆಂದು ಚೀಲಕ್ಕೆ ಕೈ ಹಾಕಿದೆ. ಚನ್ನಕ್ಕ ನಿಧಾನಕ್ಕೆ, ನೀನು ಸಾಲಿ ಕಲಿತದ್ದು ಎಲ್ಲಿ ಎಂದು ಕೇಳಿದಳು. ಧಾರವಾಡದಲ್ಲಿ, ಮಠದ ಪ್ರಸಾದ ನಿಲಯದಲ್ಲಿದ್ದುಕೊಂಡು ಎಂದ ಅವನು.

"ಅಲ್ಲೆ ಗಂಗಾಳದ ಮ್ಯಾಲೆ ಬರದಿದ್ರೇನು ತಮ್ಮಾ, ನೀ ಉಂಡ ಅನ್ನಕ್ಕ ಇಷ್ಟು ಖರ್ಚಾಗೇತಿ ಅಂತ?"

ಡಬ್ಬಿಯೆಲ್ಲ ನಕ್ಕಿತು. ಅವನು ನಗಲಿಲ್ಲ. ನಂಬರು ಕಾಣುತ್ತದೆ, ಇರಲಿ ಎಂದು ಟಿಕೆಟ್ಟು ಮರಳಿ ಕೊಟ್ಟ. ಆಮೇಲಾಮೇಲೆ ಚನ್ನಕ್ಕನ ಪೆನ್ನು ಮುಷ್ಕರ ಹೂಡಿದ ದಿನ ತನ್ನ ಪೆನ್ನು ಕೊಟ್ಟದ್ದೂ ಉಂಟು.

ಹೈದರಾಬಾದಿನಲ್ಲಿ ಚನ್ನಕ್ಕನ ಮೊಮ್ಮಗಳ ಮದುವೆ ಬಂತು. ಅಳಿಯ ವಿಮಾನದ ಟಿಕೆಟ್ಟು ಕಳಿಸಿದ. ಈ ದಾರಿಯ ವಿಮಾನಕ್ಕೆ ಸರಕಾರ ಕೈಯಿಂದ ರೊಕ್ಕ ಹಾಕುತ್ತದೆ, ಅದಕ್ಕೇ ಇಷ್ಟು ಸೋವಿ ಎಂದು ಹೆಮ್ಮೆಯಿಂದ ಹೇಳಿದನಂತೆ. ಚನ್ನಕ್ಕ ಪೆನ್ನಿಗೆ ಹೊಸ ಕಡ್ಡಿ ಹಾಕಿಸಿಕೊಂಡೇ ಹೋದಳು.

ಮರಳಿ ಬಂದವಳು ಮದುವೆಯ ಸುದ್ದಿ ಒಂದೂ ಹೇಳಲಿಲ್ಲ. ವಿಮಾನದ ಚೀಟಿಯನ್ನು ಹಿಂದೆ ಮುಂದೆ ತಿರುವಿದರೂ ಆ ಸಾಲಿಲ್ಲವಂತೆ. ಎಲ್ಲಿ ಬರೆದಿದ್ದೀರಿ ಎಂದು ನೀರು ಕೊಡಲು ಬಂದ ಹುಡುಗಿಯನ್ನು ಕೇಳಿದರೆ, ಅವಳು ನಕ್ಕು ಇನ್ನೊಂದು ಬಾಟಲಿ ಕೊಟ್ಟಳಂತೆ.

"ನಮಗ ಕಟಗಿ ಬಾಕಿನ ಮ್ಯಾಲೆ ಕುಂದರಿಸಿ ಹಂಗಸ್ತಾರ. ಅಲ್ಲೆ ಮೆತ್ತನ ಕುರ್ಚ್ಯಾಗ ಕುಂತವರಿಗೆ ಒಂದ್ ಮಾತಿಲ್ಲ. ಅವರು ಬೀಗರು, ನಾವು ಬೇಡಾಕ ಬಂದವರು."

"ಮತ್ತ ನೀ ಏನ್ ಮಾಡಿದಿ?"

"ನಾನಽ ಬರದ್ನೆವಾ. ಈ ಕುರ್ಚಿಗೆ ಸರಕಾರದ ರೊಕ್ಕ ಐತಿ ಅಂತ. ಬಾಜೂದಾಗ ಕೋಟಿನಾಂವ ಕುಂತಿದ್ದ, ಅವನ ಚೀಟಿ ಮ್ಯಾಲೂ ಬರದೆ."

ಅವನು ಸುಮ್ಮನಿದ್ದನೇ ಎಂದು ಕೇಳಿದೆ. ಅವನಿಗೆ ನಿದ್ದೆ ಹತ್ತಿತ್ತಂತೆ.

ಹೋದ ಚಳಿಗಾಲದಲ್ಲಿ ಚನ್ನಕ್ಕ ತೀರಿಕೊಂಡಳು. ಉಂಡು ಅಡ್ಡಾದವಳು ಏಳಲಿಲ್ಲ. ಒಂದು ಗುಟುಕು ನೀರಿಗೂ ಯಾರ ಹಂಗಿಗೂ ಬೀಳಲಿಲ್ಲ. ಅವಳ ಅಕ್ಕ ಅಳ್ನಾವರದಲ್ಲಿ ಇನ್ನೂ ಇದ್ದಾಳೆ. ಬೇರೆಯವರಿಗೆ ತಲೆ ಕೊಡುವುದಿಲ್ಲ. ನನಗೆ ಕೊಡುತ್ತಾಳೆ, ಹೆರಳು ಸೊಟ್ಟಗಾಯಿತೆಂದು ಬೈಯುತ್ತಲೇ. ಹೀಗಾಗಿ ಸೋಮವಾರ ಈಗ ನನ್ನ ಪಾಲಿಗೆ ಬಂದಿದೆ.

ಈಚೆಗೆ ಟಿಕೆಟ್ಟನ್ನು ಫೋನಿನಲ್ಲೇ ತೆಗೆಯಲು ಕಲಿತಿದ್ದೇನೆ. ಆ ಸಾಲು ಅಲ್ಲಿಗೂ ಬಂದು ಕೂತಿದೆ. ಚನ್ನಕ್ಕನ ಪೆನ್ನಿನಿಂದಲೇ ಗೀಚಿ ನೋಡಿದೆ. ಗಾಜಿನ ಮೇಲೆ ಶಾಯಿ ನಿಲ್ಲಲಿಲ್ಲ, ನನ್ನ ಮೊಮ್ಮಗಳಿಂದ ಬೈಸಿಕೊಂಡದ್ದೇ ಬಂತು.

ಈ ಸೋಮವಾರ ಅದೇ ಟಿ.ಸಿ. ಬಂದ. ಫೋನು ಹಿಡಿದು ತೋರಿಸಿದೆ.

"ಅಮ್ಮಾರ, ಹೆಬ್ಬಟ್ಟು ತಗೀರಿ. ಕಾಣವಲ್ದು."

"ಅದರ ಕೆಳಗ ಓದೂವಂಥಾದ್ದು ಏನಿಲ್ಲಪಾ."

ಅವನು ನನ್ನ ಪಕ್ಕದ ಖಾಲಿ ಜಾಗವನ್ನು ನೋಡಿದ. ಬೆರಳು ತೆಗೆಸದೆಯೇ ಮುಂದಿನ ಬೆಂಚಿಗೆ ಹೋದ.