ಒರೆಸುವುದಿಲ್ಲ ಎಂದ ಮುಂಗುಸಿ

ನನ್ನ ಅಕ್ಕನ ಮಗಳನ್ನು ಮದುವೆ ಹಾಲ್‌ಗಳಲ್ಲಿ ಎಲ್ಲರೂ ಮುಂಗುಸಿ ಎಂದೇ ಕರೆಯುತ್ತಾರೆ. ಹಾಗೆ ಹೆಸರಿಟ್ಟವನು ಅಡುಗೆ ಕಂಟ್ರಾಕ್ಟರ್. ಇವಳು ಜನರ ನಡುವೆ ಎಲ್ಲಿ ನುಸುಳುತ್ತಾಳೆ, ಎಲ್ಲಿ ತಲೆ ಎತ್ತುತ್ತಾಳೆ ಎಂದು ಅವನಿಗೆ ಗೊತ್ತೇ ಆಗುತ್ತಿರಲಿಲ್ಲವಂತೆ. ಒಂದು ಸಲ ನೆಂಟರಿಗೆಂದು ಎತ್ತಿಟ್ಟ ಸಿಹಿಯನ್ನು ಅವನು ಕದ್ದು ಬಾಯಿಗೆ ಹಾಕಿಕೊಳ್ಳುವಾಗ ಪಾತ್ರೆಯ ಹಿಂದಿನಿಂದ ಇವಳ ಕ್ಯಾಮೆರಾ ಕ್ಲಿಕ್ ಎಂದಿತ್ತು. ನನ್ನ ಅಕ್ಕನಿಗೆ ಈ ಹೆಸರು ಕೇಳಿದರೇ ಮೈಯೆಲ್ಲ ಉರಿ.

"ಮುಂಗುಸಿ ಅಂತ ಗೊತ್ತಾದ್ರೆ ಇವಳನ್ನ ಯಾರು ಮದ್ವೆ ಆಗ್ತಾರೆ?"

"ಹಾವಲ್ಲದೋನು ಯಾರಾದ್ರೂ ಆಗ್ಲಿ ಬಿಡಮ್ಮ," ಎನ್ನುತ್ತಾಳೆ ಇವಳು.

ನಾನು ಹಳೇ ಕಾಲದ ಸ್ಟುಡಿಯೋ ಮನುಷ್ಯ. ಸ್ಟೇಜಿನ ಮುಂದೆ ಕಾಲೂರಿ ನಿಂತು "ಇಲ್ನೋಡಿ, ಗದ್ದ ಸ್ವಲ್ಪ ಮೇಲೆ, ಹಾಂ, ನಗಿ" ಎಂದು ಕೂಗಿ ಕೂಗಿಯೇ ನನ್ನ ಗಂಟಲು ಹಾಳಾಗಿದೆ. ಅವಳು ಯಾರಿಗೂ ಏನೂ ಹೇಳುವುದಿಲ್ಲ. ರಬ್ಬರ್ ಅಡಿಯ ಶೂ, ಗೋಡೆಯ ಬಣ್ಣದ ಅಂಗಿ, ಫ್ಲ್ಯಾಶ್ ಇಲ್ಲವೇ ಇಲ್ಲ. ಎಲ್ಲರೂ ನೋಡುವ ಕಡೆಗೆ ಬೆನ್ನು ಹಾಕಿ ನಿಲ್ಲುತ್ತಾಳೆ. ಉಂಗುರ ತೊಡಿಸುವಾಗ ನಾನು ಬೆರಳಿನ ಫೋಟೋ ತೆಗೆದರೆ, ಅವಳು ಮದುಮಗಳ ಅಪ್ಪ ಮೂಲೆಯಲ್ಲಿ ತುಟಿ ಕಚ್ಚಿಕೊಂಡು ನಿಂತದ್ದನ್ನು ತೆಗೆಯುತ್ತಾಳೆ. ಮೊದಮೊದಲು ನಾನೂ ರೇಗುತ್ತಿದ್ದೆ.

"ಮದ್ವೆ ಆಗ್ತಿರೋದು ಅಲ್ಲಿ ಕಣೇ!"

"ಅಲ್ಲಿ ನೀನಿದ್ದೀಯಲ್ಲ ಮಾವ."

ಅವಳ ಮೊದಲ ಆಲ್ಬಂ ನೋಡಿದ ಮನೆಯವರು ನನ್ನ ಜನ್ಮ ಜಾಲಾಡಿದ್ದರು. ಬಾಯಿ ತೆರೆದು ನಿದ್ದೆ ಹೊಡೆಯುವ ನೆಂಟ, ಚಪ್ಪಲಿ ಕಳಚಿ ಬಕೆಟ್ ಮಗುಚಿಹಾಕಿ ಅದರ ಮೇಲೆ ಕೂತ ಮದುಮಗಳು. "ಬಕೆಟ್ ಮೇಲೆ ಕೂತಿದ್ದಕ್ಕೆಲ್ಲ ದುಡ್ಡು ಕೊಡ್ಬೇಕೇನ್ರೀ?" ಎಂದು ಹಾರಾಡಿದರು. ಆಮೇಲೆ ಆ ಬಕೆಟ್ ಫೋಟೋವನ್ನೇ ದೊಡ್ಡದು ಮಾಡಿಸಿಕೊಂಡು ಹೋದರು. ಜನ ಹೀಗೇ, ಕಟ್ಟಿಕೊಂಡು ಏನು ಮಾಡುವುದು.

ಈ ವರ್ಷ ಒಂದು ದೊಡ್ಡ ಮನೆಯ ಮದುವೆ ಸಿಕ್ಕಿತು. ಮದುಮಗಳಿಗೆ ತಂದೆ ಇಲ್ಲ. ಎಲ್ಲ ಜವಾಬ್ದಾರಿ ದೊಡ್ಡಪ್ಪನದು. ಆತ ಕೆಟ್ಟವನೇನಲ್ಲ. ತಮ್ಮ ಸತ್ತ ಮೇಲೆ ಅವನ ಇಬ್ಬರು ಹೆಣ್ಣುಮಕ್ಕಳನ್ನೂ ಓದಿಸಿದವನು. ಆದರೆ ತಾನು ಹಾಕಿದ ಗೆರೆ ಯಾರೂ ದಾಟಬಾರದು ಎನ್ನುವ ಜಾತಿಯ ಮನುಷ್ಯ. ಹಿರಿಯವಳು ದಾಟಿದ್ದಳು. ಹೊಡೆಯುವ ಗಂಡನನ್ನು ಬಿಟ್ಟು ಬಂದು, ವಾಪಸ್ ಹೋಗುವುದಿಲ್ಲ ಎಂದು ದೊಡ್ಡಪ್ಪನ ಮುಖಕ್ಕೇ ಹೇಳಿ, ಒಂದು ರೂಮು ಹಿಡಿದು ಹೊಲಿಗೆ ಕಾರ್ಖಾನೆಗೆ ಸೇರಿದ್ದಳು. ಅಂದಿನಿಂದ ಆ ಮನೆಯ ಗೋಡೆಗಳಲ್ಲಿ ಅವಳ ಒಂದು ಫೋಟೋವೂ ಉಳಿದಿರಲಿಲ್ಲ.

ಅಕ್ಕ ಬರದಿದ್ದರೆ ಸ್ಟೇಜ್ ಹತ್ತುವುದಿಲ್ಲ ಎಂದು ತಂಗಿ ಹಟ ಹಿಡಿದಿದ್ದಳು. ಕೊನೆಗೆ ದೊಡ್ಡಪ್ಪ ಒಪ್ಪಿದ್ದ. ಆದರೆ ಅವಳು ಹಿಂದಿನ ಸಾಲಿನಲ್ಲಿ ಕೂರಬೇಕು, ಊಟ ಮಾಡಿ ಹೋಗಬೇಕು. ಮದುವೆಯ ಬೆಳಿಗ್ಗೆ ನಮ್ಮಿಬ್ಬರನ್ನೂ ಕಂಬದ ಮರೆಗೆ ಕರೆದು ಹೇಳಿದ.

"ಅಲ್ಲಿ ಹಸಿರು ಬಟ್ಟೆಯವಳು ಕೂತಿದ್ದಾಳಲ್ಲ, ಅವಳು ಯಾವ ಫೋಟೋದಲ್ಲೂ ಬೀಳಬಾರದು. ಅರ್ಥ ಆಯ್ತಾ?"

ನಾನು ತಲೆಯಾಡಿಸಿದೆ. ಹೊಟ್ಟೆಪಾಡು ನೋಡಿ.

"ನಾನು ಯಾರನ್ನೂ ನಿಲ್ಲಿಸಿ ತೆಗೆಯಲ್ಲ, ಯಾರನ್ನೂ ಬಿಟ್ಟೂ ತೆಗೆಯಲ್ಲ ಸಾರ್," ಎಂದಳು ಮುಂಗುಸಿ. "ಎದುರಿಗೆ ಇದ್ದದ್ದು ಬರುತ್ತೆ." ಆತ ಅದನ್ನು ತಮಾಷೆ ಎಂದುಕೊಂಡು ನಕ್ಕು ಹೋದ.

ಸ್ಟೇಜ್ ಹತ್ತುವ ಹೊತ್ತಿಗೆ ಸರಿಯಾಗಿ ಮದುಮಗಳ ಕುಪ್ಪಸದ ಬೆನ್ನಿನ ಹೊಲಿಗೆ ಬಿಚ್ಚಿಕೊಂಡಿತು. ಅಲಂಕಾರಕ್ಕೆ ಬಂದವಳು ಪಿನ್ನು ಹುಡುಕುತ್ತ ಅಳುವ ಹಾಗಾದಳು. ಹುಡುಗಿ ಮಾತ್ರ ಯಾರನ್ನೂ ಕೇಳದೆ ಅಕ್ಕನಿಗೆ ಹೇಳಿ ಕಳಿಸಿದಳು. ಹಿಂದಿನ ಸಾಲಿನಿಂದೆದ್ದು, ದೊಡ್ಡಪ್ಪನ ಕಣ್ಣಿಗೆ ಬೀಳದ ಹಾಗೆ ಅಡುಗೆಮನೆಯ ಬಾಗಿಲಿಂದ ಅಕ್ಕ ಬಂದಳು. ಎಡಗೈಯನ್ನು ತಂಗಿಯ ಭುಜದ ಮೇಲಿಟ್ಟು ಸರಸರ ಹೊಲಿದಳು, ದಾರವನ್ನು ಹಲ್ಲಲ್ಲಿ ಕಡಿದಳು, ಕಿವಿಯಲ್ಲಿ ಏನೋ ಅಂದಳು. ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮುಂಗುಸಿ ಕ್ಯಾಮೆರಾ ಹಿಡಿದು ಬಟ್ಟೆಯ ರಾಶಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಳು. ಆ ನಗು ಆಮೇಲೆ ಸ್ಟೇಜಿನ ಮೇಲೆ ನಾನು ಗಂಟಲು ಹರಿದುಕೊಂಡರೂ ಸಿಗಲಿಲ್ಲ.

ಫೋಟೋ ಆರಿಸಲು ಸ್ಟುಡಿಯೋಗೆ ಬಂದ ದೊಡ್ಡಪ್ಪನ ಕಣ್ಣು ಆ ನಗುವಿನ ಫೋಟೋದ ಮೇಲೇ ಬಿತ್ತು.

"ಹುಡುಗಿ ಎಷ್ಟು ಲಕ್ಷಣವಾಗಿ ನಕ್ಕಿದ್ದಾಳೆ! ಇದನ್ನೇ ದೊಡ್ಡದು ಮಾಡಿ. ಹಿಂದಿರೋಳನ್ನ ಒರೆಸಿಬಿಡಿ."

"ಆಗಲ್ಲ ಸಾರ್," ಎಂದಳು ಮುಂಗುಸಿ.

"ಬರಲ್ವೋ?"

"ಬರುತ್ತೆ. ಮಾಡಲ್ಲ."

"ದುಡ್ಡು ಕೊಡೋನು ನಾನು."

"ಫೋಟೋ ತೆಗೆಯೋಕೆ ಕೊಟ್ರಿ, ತೆಗೆದಿದ್ದೀನಿ. ಒರೆಸೋಕೆ ಬೇರೆ ಯಾರನ್ನಾದ್ರೂ ನೋಡಿ."

ನಾನು ಅವಳನ್ನು ಒಳಗೆ ಎಳೆದುಕೊಂಡು ಹೋಗಿ ಬೈದೆ. ಮೊಡವೆ ಒರೆಸುವುದಿಲ್ಲವೇ, ಗೋಡೆಯ ಕಲೆ ಒರೆಸುವುದಿಲ್ಲವೇ, ಇದೂ ಹಾಗೇ ಎಂದೆ.

"ಆ ನಗು ಅವಳಕ್ಕ ತರಿಸಿದ್ದು ಮಾವ. ನಗು ಇಟ್ಕೊಂಡು ಅಕ್ಕನ್ನ ಎಸೀತಾರಂತೆ. ಮೊಡವೇನಾ ಅವಳು?"

ಅವಳ ಮೂಗಿನ ತುದಿ ಕೆಂಪಾಗಿತ್ತು. ಹಾಗಾದರೆ ಬ್ರಹ್ಮ ಬಂದರೂ ಅವಳು ಜಗ್ಗುವುದಿಲ್ಲ. ಫೋಟೋಗಳನ್ನೆಲ್ಲ ಇದ್ದ ಹಾಗೇ ದೊಡ್ಡಪ್ಪನಿಗೆ ಕೊಟ್ಟೆವು. ಊರಲ್ಲಿ ಯಾರು ನಿಮಗೆ ಕೆಲಸ ಕೊಡುತ್ತಾರೋ ನೋಡುತ್ತೇನೆ ಎಂದು ಆತ ಬಾಗಿಲು ಬಡಿದುಕೊಂಡು ಹೋದ. ಹೇಳಿದಂತೆ ಮಾಡಿಯೂ ತೋರಿಸಿದ. ಗೊತ್ತಾಗಿದ್ದ ಮದುವೆಗಳು ಒಂದೊಂದಾಗಿ ಕೈಬಿಟ್ಟವು. ಮುಂಗುಸಿ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತ, ಧೂಳೇ ಇಲ್ಲದ ಲೆನ್ಸುಗಳನ್ನು ಒರೆಸುತ್ತ ಕೂತಳು. ಫೋನ್ ಮಾಡಿ ಕ್ಷಮೆ ಕೇಳು ಎಂದು ಅವಳಮ್ಮ ಗೋಗರೆದಳು. ಯಾವ ತಪ್ಪಿಗೆ ಎಂದು ಇವಳು ಕೇಳಿದಳು. 

ಆಮೇಲೆ ಒಂದು ದಿನ ಅಡುಗೆ ಕಂಟ್ರಾಕ್ಟರ್ ನಗು ತಡೆಯಲಾರದೆ ಸ್ಟುಡಿಯೋಗೆ ಓಡಿಬಂದ. ಬೀಗರಿಗೆ ಔತಣವೆಂದು ದೊಡ್ಡಪ್ಪನ ಮನೆಗೆ ಅಡುಗೆಗೆ ಹೋಗಿದ್ದನಂತೆ. ಹಾಲ್‌ನಲ್ಲಿ ದೊಡ್ಡದೊಂದು ಫೋಟೋ. ಬೇರೆ ಅಂಗಡಿಯವನು ಅಕ್ಕನ ತಲೆ, ಮೈ, ಹಸಿರು ಬಟ್ಟೆ ಎಲ್ಲ ನೀಟಾಗಿ ಒರೆಸಿದ್ದಾನೆ. ಆದರೆ ಬೆರಳುಗಳನ್ನು ಒಡವೆ ಎಂದುಕೊಂಡನೋ ಏನೋ, ಮದುಮಗಳ ಭುಜದ ಮೇಲೆ ಕೈ ಮಾತ್ರ ಹಾಗೇ ಉಳಿದಿದೆ! ಗಂಡಿನ ಅಜ್ಜಿ ಕನ್ನಡಕ ಏರಿಸಿ, "ಇದು ಯಾರ ಕೈಯಪ್ಪಾ?" ಎಂದಿದ್ದಾರೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ದೊಡ್ಡಪ್ಪ, "ನಮ್ಮ ಹಿರಿಯವಳದಂತೂ ಅಲ್ಲ" ಎಂದುಬಿಟ್ಟಿದ್ದಾನೆ. ಹಿರಿಯವಳೊಬ್ಬಳು ಇದ್ದಾಳೆ ಎನ್ನುವುದೇ ಬೀಗರಿಗೆ ಗೊತ್ತಿರಲಿಲ್ಲ.

ಆ ವಾರವೇ ದೊಡ್ಡಪ್ಪ ಫ್ರೇಮು ಹೊತ್ತುಕೊಂಡು ನಮ್ಮ ಮೆಟ್ಟಿಲು ಹತ್ತಿದ. ಆ ಅಂಗಡಿಯವನು ಇನ್ನೊಂದು ಪ್ರತಿಯಲ್ಲಿ ಕೈ ತೆಗೆಯಲು ಹೋಗಿ ಭುಜವನ್ನೇ ಹಾರಿಸಿದ್ದನಂತೆ. ಹಿಂದೆಯೇ ಮದುಮಗಳೂ ಬಂದಳು.

"ಬೆರಳು ಮಾತ್ರ ತೆಗೆದುಕೊಡಮ್ಮ," ಎಂದ. ದನಿ ಇಳಿದಿತ್ತು. "ನಿನ್ನ ಕೆಲಸಗಳೆಲ್ಲ ವಾಪಸ್ ಬರೋ ಹಾಗೆ ಮಾಡ್ತೀನಿ."

ಮುಂಗುಸಿ ಅವನತ್ತ ನೋಡಲೇ ಇಲ್ಲ. ಹುಡುಗಿಯನ್ನು ಕೇಳಿದಳು. "ಫೋಟೋ ನಿಮ್ಮದು. ನಿಮಗೇನು ಬೇಕು?"

ಹುಡುಗಿ ಫ್ರೇಮಿನ ಗಾಜಿನ ಮೇಲೆ ಆ ಬೆರಳುಗಳನ್ನು ಮುಟ್ಟಿದಳು. "ಕೈ ಇರ್ಲಿ. ಕೈ ಯಾರದೋ ಅವಳನ್ನೂ ಹಾಕಿ."

"ಅದು ನನ್ನ ಗೋಡೆ ಮೇಲೆ ಬರಲ್ಲ!" ಎಂದು ದೊಡ್ಡಪ್ಪ ಗುಡುಗಿದ.

"ನಿಮ್ಮ ಗೋಡೆ ನಿಮಗಿರ್ಲಿ ದೊಡ್ಡಪ್ಪ. ನನ್ನ ಮನೇಲೂ ಗೋಡೆ ಇದೆ."

"ಅತ್ತೆಮನೆಯೋರು ಏನಂತಾರೆ ಗೊತ್ತಾ?"

"ಯಾರ ಕೈ ಅಂತ ಕೇಳಿದ್ದು ಅವರೇ ತಾನೆ? ಉತ್ತರ ಕೊಡ್ಬೇಕಲ್ಲ."

ಆತ ಫ್ರೇಮನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದ. ಅಂಗಡಿಯಲ್ಲಿದ್ದ ಅತಿ ದೊಡ್ಡ ಕಾಗದವನ್ನು ನಾನೇ ಪ್ರಿಂಟ್ ಮಷೀನಿಗೆ ಹಾಕಿದೆ. ಅಕ್ಕ ಮೊದಲು ಹೊರಬಂದಳು, ಆಮೇಲೆ ಕೈ, ಆಮೇಲೆ ತಂಗಿಯ ನಗು. ಅದೇ ಫ್ರೇಮಿಗೆ ಕೂರಿಸಿ, ಪೇಪರ್ ಸುತ್ತಿ ಕೊಡಲೇ ಎಂದು ಕೇಳಿದೆ.

"ಬೇಡ," ಎಂದಳು ಹುಡುಗಿ. ಫೋಟೋದ ಮುಖ ಹೊರಗೆ ಮಾಡಿ ಎದೆಗೆ ಆನಿಸಿಕೊಂಡು, ಪೇಟೆ ಬೀದಿಯ ನಟ್ಟನಡುವೆ ಹೊರಟಳು. ಅಂಗಡಿಗಳ ಜನ ಹೊರಗೆ ಬಂದು ನೋಡಿದರು. ಮುಂಗುಸಿ ಕ್ಯಾಮೆರಾ ಕಣ್ಣಿಗಿಟ್ಟುಕೊಂಡು ಅವಳ ಮುಂದೆ ಹಿಂದುಹಿಂದಕ್ಕೆ ನಡೆಯುತ್ತ ಹೋದಳು.