ನನ್ನ ಪ್ರೆಸ್ಸಿಗೆ ಬಾರದ ಲಗ್ನಪತ್ರಿಕೆ

ಈಗೆಲ್ಲ ಮದುವೆ ಇನ್ವಿಟೇಶನ್ ವಾಟ್ಸಾಪಿಗೇ ಬಂದುಬಿಡುತ್ತದೆ. ಅದನ್ನು ಮಾಡಿದವರ ಹಣೆಯಲ್ಲಿ ಕುಂಕುಮ ಇತ್ತೋ ಇಲ್ಲವೋ, ಯಾರೂ ಕೇಳುವುದಿಲ್ಲ. ಒಂದೊಂದು ಬಂದಾಗಲೂ ಓದಿ ಮುಗಿಸಿದ ಮೇಲೆ ಇನ್ನೂ ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ಕೂತಿರುತ್ತೇನೆ.

ತರೀಕೆರೆಯಲ್ಲಿ ನಮ್ಮದೊಂದು ಪ್ರೆಸ್ ಇತ್ತು. ಮುಂದೆ ಬುಕ್ ಶಾಪ್: ಸ್ಕೂಲ್ ಪುಸ್ತಕ, ಗೈಡು, ಪಂಚಾಂಗ. ಹಿಂದೆ ಕಾಲಲ್ಲಿ ತುಳಿಯುವ ಟ್ರೆಡಲ್ ಮೆಷಿನ್ನು, ಗೋಡೆಯುದ್ದಕ್ಕೂ ಸೀಸದ ಅಚ್ಚುಮೊಳೆಗಳ ಮರದ ಕೇಸುಗಳು. ಕಾನ್ವೆಂಟ್ ಹುಡುಗಿಗೆ ಕನ್ನಡ ಒತ್ತಕ್ಷರ ಬರುತ್ತಾ ನೋಡೋಣ ಅಂತ ನನ್ನ ಯಜಮಾನರು ತಮಾಷೆಗೆ ನನ್ನನ್ನು ಮೊಳೆ ಜೋಡಿಸಲು ಹಚ್ಚಿದರು. ನನ್ನ ಬೆರಳಿಗೆ ಅದು ಹಿಡಿದುಕೊಂಡಿತು. ಆಮೇಲಾಮೇಲೆ ಅವರು ಮೆಷಿನ್ ತುಳಿಯೋದು, ನಾನು ಜೋಡಿಸೋದು. ವೆರಿ ಹ್ಯಾಪಿ ಡೇಸ್, ಅಂತ ಈಗ ಅನ್ನಿಸುತ್ತದೆ. ಆಗ ಬರೀ ಸೊಂಟನೋವು ಗೊತ್ತಾಗುತ್ತಿತ್ತು.

ಮಗಳು ಹೈಸ್ಕೂಲಿನಲ್ಲಿದ್ದಾಗ, ಪೇಪರ್ ತರಲು ಕಡೂರಿಗೆ ಹೋದ ಯಜಮಾನರು ಅಲ್ಲಿನ ಸ್ಟೇಷನ್ನಿನಲ್ಲೇ ಕುಸಿದು ತೀರಿಕೊಂಡರು.

ಪ್ರೆಸ್ ಮಾರಿಬಿಡು ಅಂದರು ಎಲ್ಲರೂ. ನನಗೆ ನೆನಪಾದದ್ದು ಚಿಕ್ಕಮಗಳೂರಿನ ಕಾನ್ವೆಂಟಿನ ಹಿಸ್ಟರಿ ಕ್ಲಾಸು. ಅಮೆರಿಕ ಇನ್ನೂ ಬ್ರಿಟಿಷರ ಕಾಲೋನಿಯಾಗಿದ್ದಾಗ, ಪ್ರಿಂಟರ್ ಸತ್ತರೆ ಎಷ್ಟೋ ಕಡೆ ಅವನ ಹೆಂಡತಿಯೇ ಪ್ರೆಸ್ ನಡೆಸುತ್ತಿದ್ದಳಂತೆ. ನ್ಯೂಸ್ ಪೇಪರ್ ಅಚ್ಚು ಹಾಕುತ್ತಿದ್ದಳಂತೆ, ಪುಸ್ತಕ, ಪಂಚಾಂಗ ಮಾರುತ್ತಿದ್ದಳಂತೆ. ಸಿಸ್ಟರ್ ಅದನ್ನು ಹೇಳುವಾಗ ಅವರ ಮುಖ ಅರಳುತ್ತಿತ್ತು.

"ಅತ್ತೆ, ಪ್ರೆಸ್ ನಾನೇ ನಡೆಸ್ತೀನಿ" ಅಂದೆ.

"ನಡ್ಸು" ಅಂದರು ಅತ್ತೆ. ಅವರೂ ಗಂಡ ಸತ್ತವರೇ. "ಮೆಷಿನ್ ತುಳಿಯಾಕೆ ತಾಳಿ ಬೇಕೇನೇ?"

ಮೆಷಿನ್ನಿಗೆ ಬೇಕಿರಲಿಲ್ಲ. ಊರಿಗೆ ಬೇಕಿತ್ತು. ಅಜ್ಜಂಪುರದ ತೆಂಗಿನಕಾಯಿ ವ್ಯಾಪಾರಿಯೊಬ್ಬರು, ಯಜಮಾನರ ಹಳೇ ಗಿರಾಕಿ, ಮಗನ ಲಗ್ನಪತ್ರಿಕೆಗೆ ಬಂದರು. ಕೂತರು, ಕಾಫಿ ಕುಡಿದರು.

"ಮೊಳೆ ಯಾರ್ ಜೋಡ್ಸೋದು ಅಕ್ಕಾ?"

"ನಾನೇ ಕಣ್ರೀ. ಮುಂಚೆನೂ ನಾನೇ ಅಲ್ವಾ?"

"ಅದೂ ಸರೀನೇ..." ಅವರು ಬಾಗಿಲ ಕಡೆ ನೋಡಿದರು. "ಒಂಚೂರು ಕೆಲ್ಸ ಐತೆ, ಮುಗಿಸ್ಕಂಡ್ ಬತ್ತೀನಿ ಅಕ್ಕಾ."

ಬರಲಿಲ್ಲ. ಪತ್ರಿಕೆ ಕಡೂರಿನಲ್ಲಿ ಅಚ್ಚಾಯ್ತು. ಮುಂದಿನ ಬೇಸಿಗೆಯಲ್ಲಿ ಅವರ ತಂದೆ ತೀರಿಕೊಂಡಾಗ ಮಾತ್ರ ಸೀದಾ ನನ್ನ ಹತ್ತಿರ ಬಂದರು. ಶಿವಗಣಾರಾಧನೆಯ ಕಾರ್ಡು. "ನಿಮ್ ಕೈಲೇ ಆಗ್ಲಿ ಅಕ್ಕಾ, ನಿಮ್ಮಷ್ಟು ನೀಟಾಗಿ ಯಾರ್ ಮಾಡ್ತಾರೆ?"

ಹಾಗೇ ಆಯ್ತು ನೋಡಿ. ವಿಭೂತಿ, ಲಿಂಗ ಇರೋರಿಗೆ ಸೂತಕ ಎಲ್ಲಿಯದು ಅಂತ ಮಠದಲ್ಲಿ ಕೇಳಿಸಿಕೊಂಡು ತಲೆಯಾಡಿಸಿದವರೇ, ಮದುವೆ ಕೆಲಸಕ್ಕೆ ನಮ್ಮ ಬಾಗಿಲು ದಾಟಿ ಮುಂದೆ ಹೋದರು. ಬುಕ್ಕಾಂಬುಧಿಯಿಂದ, ದೇವನೂರಿನಿಂದ ನನಗೆ ಬಂದದ್ದೆಲ್ಲ ಸಾವು. ಮದುವೆಯ ಕೆಂಪಿಗಾಗಿ ರೋಲರಿನ ಕಪ್ಪು ಇಂಕನ್ನು ತೊಳೆಯುವ ಪ್ರಮೇಯವೇ ಬರುತ್ತಿರಲಿಲ್ಲ. "ಜನ ಸಾಯೋದ್ ನಿಲ್ಸಲ್ಲ ಕಣೇ, ನಿನ್ ಪ್ರೆಸ್ಸೂ ನಿಲ್ಲಲ್ಲ" ಅಂತ ಅತ್ತೆ ನಗುತ್ತಿದ್ದರು. ಕೊನೆಗೆ ಅವರ ಕಾರ್ಡನ್ನೂ ನಾನೇ ಜೋಡಿಸಿದೆ. ಆ ಅಮೆರಿಕದ ವಿಧವೆಯರಿಗೆ ಜನ ಎಂಥೆಂಥ ಕೆಲಸ ತರುತ್ತಿದ್ದರು ಅಂತ ಸಿಸ್ಟರ್ ಹೇಳಿರಲಿಲ್ಲ. ಕೇಳಬೇಕಿತ್ತು.

ಒಂದೇ ಒಂದು ಆಸೆ ಇಟ್ಟುಕೊಂಡಿದ್ದೆ. ಮಗಳ ಲಗ್ನಪತ್ರಿಕೆ ನನ್ನ ಪ್ರೆಸ್ಸಿನಲ್ಲೇ ಆಗಬೇಕು. ಅದು ಮನೆಮನೆಗೆ ಹೋಗಬೇಕು, ಅವಳು ಚೆನ್ನಾಗಿ ಬಾಳಬೇಕು, ಆಗ ಊರಿನ ಭಯ ತಾನಾಗೇ ಹೋಗುತ್ತದೆ.

ಸಂಬಂಧ ದೇವನೂರಿನ ಕಡೆಯದೇ ಸಿಕ್ಕಿತು. ಪತ್ರಿಕೆ ನಾನೇ ಅಚ್ಚು ಹಾಕ್ತೀನಿ ಅಂತ ಬೀಗರಿಗೆ ಮೊದಲೇ ಹೇಳಿದೆ. "ಎಲ್ಲಾದ್ರೂ ಮಾಡ್ಸಿ ಕಣ್ರೀ, ಮುಹೂರ್ತ ಸರಿಯಾಗಿ ಬರೆದ್ರೆ ಸಾಕು" ಅಂತ ಅವರು ನಕ್ಕುಬಿಟ್ಟರು. ಎಷ್ಟೋ ವರ್ಷಗಳ ಮೇಲೆ ಸೀಮೆಎಣ್ಣೆಯಲ್ಲಿ ರೋಲರ್ ಉಜ್ಜಿ ಉಜ್ಜಿ ತೊಳೆದೆ. ಕೆಂಪು ಇಂಕು ತರಿಸಿದೆ. ಮೊಳೆ ಜೋಡಿಸಿ, ಮೊದಲ ಪ್ರೂಫ್ ತೆಗೆದು, ಒದ್ದೆ ಕಾಗದವನ್ನು ಮಗಳ ಮುಂದೆ ಹಿಡಿದೆ. ಅವಳು ಶಿವಮೊಗ್ಗದಲ್ಲಿ ಬಿ.ಎಸ್ಸಿ. ಮುಗಿಸಿದವಳು.

ಓದಿದಳು. ಕೈಗೆ ತೆಗೆದುಕೊಳ್ಳಲಿಲ್ಲ.

"ಅಮ್ಮಾ, ಬೇರೆ ಕಡೆ ಮಾಡ್ಸೋಣ."

"ಯಾಕೇ? ಅವ್ರೇ ಒಪ್ಪಿದಾರಲ್ಲ."

"ಅವ್ರು ಒಪ್ಪಿದಾರೆ. ನಾಳೆ ಏನಾದ್ರೂ ಆದ್ರೆ ಎಲ್ರೂ ನಿನ್ನೇ ಅಂತಾರಮ್ಮಾ."

"ಎಲ್ರ ಮಾತು ಬಿಡು. ನೀನೇನು ಅಂತೀಯ?"

ಅವಳು ಕಣ್ಣು ತುಂಬಿಕೊಂಡಳು. "ಸುಮ್ನೆ ಯಾಕೆ ಚಾನ್ಸ್ ತಗೋಬೇಕು?"

ಅಷ್ಟೇ. ನನ್ನ ಮೇಲೆ ಅವಳಿಗೆ ಪ್ರೀತಿ ಇರಲಿಲ್ಲ ಅಂತ ನಾನು ಇವತ್ತಿಗೂ ಹೇಳಲಾರೆ. ಅವಳಿಗೆ ನನ್ನ ಕೈ ಕಂಡರೆ ಭಯ ಇತ್ತು, ಅಷ್ಟೇ. ಆ ಮಧ್ಯಾಹ್ನ ಅವಳ ಹೆಸರನ್ನು ಒಂದೊಂದೇ ಮೊಳೆಯಾಗಿ ಬಿಚ್ಚಿ, ಕೇಸಿನೊಳಗೆ ಅದರದರ ಮನೆಗೆ ಹಾಕಿದೆ. ಅವಳು ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತಿದ್ದಳು, ಎದ್ದು ಹೋಗಲಿಲ್ಲ.

ಮದುವೆ ಚೆನ್ನಾಗಿಯೇ ಆಯ್ತು. ಅದಾದ ವಾರ ಪೇಂಟರನ್ನು ಕರೆಸಿ, ಅಂಗಡಿ ಬೋರ್ಡಿನ ಮೇಲಿದ್ದ 'ಲಗ್ನಪತ್ರಿಕೆ' ಅನ್ನುವುದನ್ನು ಅಳಿಸಲು ಹೇಳಿದೆ.

"ಅದೊಂದೇನಾ ಅಮ್ಮಾ? ಮಿಕ್ಕಿದ್ದು ಇರ್ಲಾ?"

"ಇರ್ಲಿ."

ಅವನು ಏಣಿ ಇಳಿಯುವ ಮೊದಲೇ ಅಜ್ಜಂಪುರದ ಕಡೆಯವರೊಬ್ಬರು ಬಂದು ಕೆಳಗೆ ನಿಂತರು, ಹೆಗಲ ಟವೆಲನ್ನು ಎದೆಗೆ ಒತ್ತಿ ಹಿಡಿದುಕೊಂಡು. ಒಳಗೆ ಕರೆದು ಕೂರಿಸಿ, ನೀರು ಕೊಟ್ಟು, ತೀರಿಕೊಂಡವರ ಹೆಸರು ಕೇಳಿದೆ.