ಎಡಕ್ಕೆ ತಿರುಗದ ಕುತ್ತಿಗೆ

ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ಮೊಸರಿನ ಗಡಿಗೆ. ಗಡಿಗೆಗೆ ಕೈಯ ಆಸರೆಯೇ ಇಲ್ಲ. ನನ್ನ ಸೋದರತ್ತೆ ಹಾಗೆಯೇ ಗದ್ದೆಯ ಬದುವಿನ ಮೇಲೆ ನಡೆಯುತ್ತ, ಹಿಂದಿನಿಂದ ಕೂಗಿದವರತ್ತ ಕತ್ತು ಹೊರಳಿಸಿ ಉತ್ತರ ಕೊಡುತ್ತಿದ್ದಳು. ಗಡಿಗೆ ಅಲುಗುತ್ತಿರಲಿಲ್ಲ.

ನಮ್ಮೂರು ಬೆಸಗರಹಳ್ಳಿಯ ಪಕ್ಕ. ಅಲ್ಲಿಂದ ಬಸ್ಸು ಹತ್ತಿ ಮದ್ದೂರಿಗೆ ಹೋಗಿ ಹೋಟೆಲುಗಳಿಗೆ ಮೊಸರು ಹಾಕಿ ಬರುವುದು ಅವಳ ಬದುಕು. ಗಂಡ ಸತ್ತ ಮೇಲೆ ತವರಿಗೆ ಬಂದವಳು. “ಅಣ್ಣನ ಅನ್ನ ಉಣ್ಣಾಕಿಲ್ಲ. ನನ್ ತಲೆ ನನ್ನ ಸಾಕ್ತದೆ” ಎನ್ನುತ್ತಿದ್ದಳು. ನನ್ನ ತಾಯಿ ಬೇಗ ತೀರಿಕೊಂಡದ್ದರಿಂದ ನನ್ನನ್ನು ಸಾಕಿದ್ದೂ ಆ ತಲೆಯೇ.

ನಾನು ಕಾಲು ಮುಂದಾಗಿ ಹುಟ್ಟಿದವನು. ಅಂಥವರ ಕಾಲು ಸೋಕಿದರೆ ಉಳುಕು ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಸೊಂಟ ಹಿಡಿದುಕೊಂಡವರು ಬಂದು ನನ್ನ ಮುಂದೆ ಬೋರಲು ಮಲಗುತ್ತಿದ್ದರು. ಹಿಮ್ಮಡಿಯಿಂದ ಮೂರು ಸಲ ನೀವುತ್ತಿದ್ದೆ. ಅತ್ತೆಗೆ ಎಲ್ಲಿಲ್ಲದ ಹೆಮ್ಮೆ. “ನಮ್ ಹೈದನ ಕಾಲು ಬಂಗಾರ ಕಣಮ್ಮ” ಎಂದು ಊರೆಲ್ಲ ಹೇಳುತ್ತಿದ್ದಳು.

ಎರಡನೆಯ ಮಹಾಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ನಾನು ಮಂಡ್ಯದಲ್ಲಿ ಕೆಲಸಕ್ಕಿದ್ದೆ, ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದೆ. ಒಂದು ಶನಿವಾರ ಅತ್ತೆ ಮದ್ದೂರಿನಿಂದ ಮರಳುವಾಗ ಎಮ್ಮೆ ಅಡ್ಡ ಬಂದು ಬಸ್ಸು ಗಕ್ಕನೆ ನಿಂತಿತು. ಅವಳ ತಲೆ ಮುಂದಕ್ಕೆ ಚಿಮ್ಮಿ ಹಿಂದಕ್ಕೆ ಜಗ್ಗಿತಂತೆ. ಗಾಯವಿಲ್ಲ, ಬಾವಿಲ್ಲ. ಮನೆಗೆ ಬಂದು ಮುದ್ದೆ ತಿರುವಿ, “ಎಮ್ಮೆ ಎಂಗೋ ಓಯ್ತು, ಡ್ರೈವರ್ ಮಾತ್ರ ಬೆವತೋದ” ಎಂದು ನಮ್ಮನ್ನು ನಗಿಸಿದಳು. ಬೆಳಿಗ್ಗೆ ನೋಡಿದರೆ ಏಳಲಾರಳು. ಕುತ್ತಿಗೆ ಕೊರಡಿನಂತೆ ಬಿಗಿದಿತ್ತು.

ಇಂಥ ಜಗ್ಗಿನ ನೋವು ಎಷ್ಟೋ ಸಲ ಮರುದಿನವೇ ಕಾಣಿಸಿಕೊಳ್ಳುವುದು. ಅದು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಮಲಗಿದ್ದು ಸರಿಯಿಲ್ಲ, ಉಳುಕಿದೆ, ಅಷ್ಟೇ ಎಂದರು. ಉಳುಕು ಬಿಡಿಸುವ ಕಾಲಂತೂ ಮನೆಯಲ್ಲೇ ಇತ್ತು.

“ಬಾರ್ಲಾ, ಮಡಗು ಕಾಲ.”

“ಬ್ಯಾಡ ಅತ್ತೆ. ದೊಡ್ಡೋರ ಕತ್ತಿನ ಮ್ಯಾಲೆ ಕಾಲಿಕ್ಕದಾ?”

“ಕೂಸಾಗಿದ್ದಾಗ ನನ್ ಎದೆಗೆ ಒದೀತಿದ್ದುದು ಯಾರ ಕಾಲ್ಲಾ? ಮಡಗು ಅಂದ್ರೆ ಮಡಗು!”

ಅವಳ ಪಾದ ಮುಟ್ಟಿ ನಮಸ್ಕರಿಸಿ ಕಾಲಿಟ್ಟೆ. ಎರಡನೆಯ ಸಲಕ್ಕೆ “ಅಯ್ಯಪ್ಪಾ” ಎಂದಳು. ನಾನು ಹಿಂದೆ ಸರಿದೆ. ಶಾಸ್ತ್ರ ಅರ್ಧಕ್ಕೆ ನಿಲ್ಲಬಾರದೆಂದು ಮೂರನೆಯದನ್ನೂ ಮಾಡಿಸಿಕೊಂಡಳು. ಅಂದು ಸಂಜೆ ಅವಳ ಎಡಗೈ ಬೆರಳುಗಳಲ್ಲಿ ಇರುವೆ ಹರಿದಂತೆ ಜುಮ್ಮೆನ್ನತೊಡಗಿತು.

ಮರುದಿನ ಅವಳನ್ನು ಗಾಡಿಯಲ್ಲಿ ಮಲಗಿಸಿಕೊಂಡು ಮದ್ದೂರಿಗೆ, ಕುಸ್ತಿ ಕಲಿಸುವ ಉಸ್ತಾದರ ಬಳಿಗೆ ಹೋದೆವು. ಸರಿದ ಮೂಳೆ ಕೂರಿಸುವುದರಲ್ಲಿ ಅವರಿಗೆ ಹೆಸರಿತ್ತು.

“ಯಾರಾದ್ರೂ ತಿಕ್ಕಿದ್ರಾ, ತುಳಿದ್ರಾ?” ಎಂದು ಉಸ್ತಾದರು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದಳು: “ಯಾರೂ ಇಲ್ಲ ಸಾಬ್ರೇ. ಎಲ್ಲಾ ಆ ಎಮ್ಮೆ ದೆಸೆ.”

“ಅರೆ, ಎಮ್ಮೆ ಬಸ್ಸೊಳಗೆ ಬಂದಿತ್ತೇನಮ್ಮಾ?”

ನೋವಿನಲ್ಲೂ ಅವಳು ನಕ್ಕಳು. ನಾನು ನಗಲಿಲ್ಲ. ನಿಜ ಹೇಳಲೂ ಇಲ್ಲ.

“ಕೈಯೋ ಕಾಲೋ ಆದ್ರೆ ಎಳೆದು ಕೂರಿಸ್ತೀನಿ. ಕತ್ತು ಅಂದ್ರೆ ನನಗೂ ಭಯ” ಎಂದು ಉಸ್ತಾದರು ಎಳೆಯಲಿಲ್ಲ, ಲಟಕ್ಕೆನಿಸಲೂ ಇಲ್ಲ. ಬೆಚ್ಚಗಿನ ಎಣ್ಣೆಯಲ್ಲಿ ಭುಜದ ನರಗಳನ್ನು ಮೆಲ್ಲಗೆ ನೀವಿದರು. ತಲೆಯ ಕೆಳಗೆ ಎರಡೂ ಅಂಗೈ ಕೊಟ್ಟು ಭಾರ ಹೊರುವುದನ್ನು ನನಗೆ ಕಲಿಸಿ, ಉಪ್ಪಿನ ಶಾಖ ಹೇಳಿ ಕಳಿಸಿದರು. ಅಂದಿನಿಂದ ಪ್ರತಿ ಭಾನುವಾರ, ನನ್ನ ಸ್ನಾನವಾದೊಡನೆ ಮೊದಲ ಕೆಲಸ ಅವಳ ತಲೆಯನ್ನು ಹಾಗೆ ಅಂಗೈಯಲ್ಲಿ ಹೊರುವುದು. ಒಂದು ವಾರವೂ ತಪ್ಪಿಸಲಿಲ್ಲ. ಜುಮ್ಮು ಹೋಯಿತು, ನೋವು ಇಳಿಯಿತು. ಕುತ್ತಿಗೆ ಬಲಕ್ಕೆ ತಿರುಗಿತು, ಎಡಕ್ಕೆ ತಿರುಗಲೇ ಇಲ್ಲ. ಗಡಿಗೆ ಮತ್ತೆ ತಲೆಗೇರಲಿಲ್ಲ. ಅತ್ತೆ ಅಣ್ಣನ ಅನ್ನಕ್ಕೆ ಕುಳಿತಳು. ಎಲ್ಲರದ್ದೂ ಆದ ಮೇಲೆ, ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದಳು.

ಬಸ್ಸಿನ ಜಗ್ಗೋ ನನ್ನ ಹಿಮ್ಮಡಿಯೋ, ಇಂದಿಗೂ ನನಗೆ ತಿಳಿಯದು. ಇನ್ನು ಯಾರಿಗೂ ಕಾಲು ಎತ್ತುವುದಿಲ್ಲವೆಂದೆ. ಆಕೆ ಸಿಡಿದಳು: “ನೀ ಕಾಲೆತ್ತದಿದ್ರೆ ಜನ ಏನಂದಾರ್ಲಾ? ಅತ್ತೆ ಕತ್ತು ಇವನಿಂದ್ಲೇ ಓಯ್ತು ಅನ್ನಲ್ವಾ?” ಉಳುಕಿದವರು ಬಂದರೆ ತಾನೇ ಚಾಪೆ ಹಾಸಿ, ಇಡೀ ಮೈಯನ್ನು ಎಡಕ್ಕೆ ತಿರುಗಿಸಿ ನನ್ನನ್ನು ಕೂಗುತ್ತಿದ್ದಳು. ಅವಳ ಕಣ್ಣೆದುರೇ ನಾನು ಕಾಲೆತ್ತಬೇಕಾಗಿತ್ತು.

ಸ್ವಾತಂತ್ರ್ಯ ಬಂದ ವರ್ಷ ಜ್ವರದಲ್ಲಿ ತೀರಿಕೊಂಡಳು. ಹಾಸಿಗೆಯಿಂದ ನೆಲಕ್ಕೆ ಇಳಿಸುವಾಗ ಉಸ್ತಾದರು ಕಲಿಸಿದಂತೆ ತಲೆಯ ಕೆಳಗೆ ಎರಡೂ ಅಂಗೈ ಕೊಟ್ಟೆ. ಅಷ್ಟು ವರ್ಷ ಒಂದು ಬೆರಳಿನಷ್ಟೂ ತಿರುಗದ ಆ ಕುತ್ತಿಗೆ, ನನ್ನ ಕೈಯಲ್ಲಿ, ಸಲೀಸಾಗಿ ಎಡಕ್ಕೆ ವಾಲಿತು.